ಗೊರೂರಿನ ಗೇಟು, ಫರಕ್ಕಾದ ಗೇಟು

ಗೊರೂರು ಡ್ಯಾಂ ತುಂಬಿತು ಅಂದರೆ ಸಾಕು, ನಮ್ಮ ಕಡೆ ಎಲ್ಲರ ಫೋನಿನಲ್ಲೂ ಒಂದೇ ವಿಡಿಯೊ. ಗೇಟಿನಿಂದ ಹಾಲಿನಂತೆ ಧುಮುಕುವ ನೀರು, ಹಿಂದೆ ಯಾವುದೋ ಸಿನಿಮಾ ಹಾಡು. ಅದರ ಕೆಳಗೆ ಬರುವ ಮಾತು ಎರಡೇ ಬಗೆ. ಒಂದು, ಬಾಗಿನ ಬಿಡುವುದು ಯಾವತ್ತು. ಇನ್ನೊಂದು, ಇಷ್ಟು ನೀರನ್ನೂ ತಮಿಳುನಾಡಿಗೆ ಹರಿಸಿಬಿಟ್ಟರಲ್ಲ.

ಈ ಎರಡನೆಯ ಮಾತನ್ನು ನಾವೂ ಎಷ್ಟೋ ಸಲ ಸುದ್ದಿ ಮಾಡಿದ್ದೇವೆ. ರೈತ ಮುಖಂಡರು ಹೇಳಿದ್ದನ್ನು ಬರೆದುಕೊಂಡು, ಫೋಟೊ ಹಾಕಿ ಕಳಿಸಿ, ಬಸ್ಸು ಹತ್ತಿ ಬಂದಿದ್ದೇವೆ. ಈ ಸಲ ಆ ಮಾತಿನ ಬೆನ್ನು ಹತ್ತಿ ಸ್ವಲ್ಪ ಹಿಂದಕ್ಕೆ ಹೋಗೋಣ ಅನ್ನಿಸಿತು. ಹೋಗುತ್ತಾ ಹೋಗುತ್ತಾ 1892ಕ್ಕೆ ಮುಟ್ಟಿದೆವು. ಅಲ್ಲಿಂದ ಬಾಂಗ್ಲಾದೇಶಕ್ಕೆ, ಕೊನೆಗೆ ಆಫ್ರಿಕಾದ ಒಂದು ಹೊಳೆಗೂ ಹೋಗಿ ಬಂದೆವು. ಅಕ್ಕಪಕ್ಕದ ರಾಜ್ಯದವರು, ಅಕ್ಕಪಕ್ಕದ ದೇಶದವರು ಒಂದೇ ಹೊಳೆಯನ್ನು ಹೇಗೆ ಹಂಚಿಕೊಂಡರು ಅನ್ನುವ ಕತೆ ಇದು. ಅದರಲ್ಲಿ ನಮ್ಮ ಜಿಲ್ಲೆಯ ಪಾಲು ನಾವು ಎಣಿಸಿದ್ದಕ್ಕಿಂತ ದೊಡ್ಡದಿದೆ.

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ. ಸಕಲೇಶಪುರ ದಾಟಿ, ಬೇಲೂರು ಕಡೆಯಿಂದ ಬರುವ ಯಗಚಿಯನ್ನು ಗೊರೂರಿನ ಸಮೀಪ ಕೂಡಿಸಿಕೊಂಡು, ಹೊಳೆನರಸೀಪುರದ ಮಗ್ಗುಲಲ್ಲಿ ಹಾದು, ಸುಮಾರು 245 ಕಿಲೋಮೀಟರ್ ಹರಿದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ಅರಕಲಗೂಡಿನವರಿಗೆ ಎರಡು ಹೊಳೆಯ ಭಾಗ್ಯ: ಒಂದು ಕಡೆ ಹೇಮಾವತಿ, ಇನ್ನೊಂದು ಕಡೆ ಕೊಣನೂರು, ರಾಮನಾಥಪುರದ ಕಾವೇರಿ. ಚನ್ನರಾಯಪಟ್ಟಣದ ಬಹುಪಾಲು ಹಳ್ಳಿಗಳಿಗೆ ಹೊಳೆಯ ನಂಟಿಲ್ಲ. ನಾಲೆ ಬರುವ ತನಕ ಅವರಿಗೆ ಕೆರೆಯೇ ಗತಿ, ಮಳೆಯೇ ದೇವರು.

ಬೇಲೂರು ಸೇತುವೆಯವರೆಗೆ

1892ರ ಫೆಬ್ರುವರಿ 18ರಂದು ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಸರ್ಕಾರಕ್ಕೂ ಒಂದು ಒಪ್ಪಂದವಾಯಿತು. ಮದ್ರಾಸ್ ಅಂದರೆ ಬ್ರಿಟಿಷರೇ ನೇರವಾಗಿ ಆಳುತ್ತಿದ್ದ ಪ್ರಾಂತ್ಯ. ಮೈಸೂರು 1881ರಲ್ಲಷ್ಟೇ ಒಡೆಯರ ಕೈಗೆ ಮರಳಿ ಬಂದಿತ್ತು, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ಜಟ್ಟಿಯ ಪಕ್ಕದಲ್ಲಿ ಹುಡುಗ ನಿಂತ ಹಾಗೆ. ಒಪ್ಪಂದದ ಸಾರ ಇಷ್ಟು: ಪಟ್ಟಿಯಲ್ಲಿರುವ 15 ಹೊಳೆಗಳ ಮೇಲೆ ಮೈಸೂರು ಹೊಸ ಕಟ್ಟೆ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಪಡೆಯಬೇಕು. ಮದ್ರಾಸೂ ಸುಮ್ಮಸುಮ್ಮನೆ ಬೇಡ ಅನ್ನುವಂತಿಲ್ಲ. ಅಲ್ಲಿ ಮೊದಲಿಂದ ನೀರು ಬಳಸುತ್ತಿರುವವರ ಹಕ್ಕಿಗೆ ಧಕ್ಕೆ ಬಂದರೆ ಮಾತ್ರ ತಡೆಯಬಹುದು.

ಆ ಪಟ್ಟಿಯಲ್ಲಿ ತುಂಗಭದ್ರಾ ಇದೆ, ಕಾವೇರಿ ಇದೆ, ಕಬಿನಿ ಇದೆ. ನಮ್ಮ ಹೇಮಾವತಿಯೂ ಇದೆ. ಕೊನೆಯ ಹೆಸರು ಯಗಚಿ, ಅದರ ಪಕ್ಕದಲ್ಲಿ 'ಬೇಲೂರು ಸೇತುವೆಯವರೆಗೆ' ಎಂದು ಗುರುತು ಬೇರೆ. ನೂರಾರು ಮೈಲಿ ಆಚೆಯ ತಂಜಾವೂರಿನ ಗದ್ದೆಯ ಸಲುವಾಗಿ ಬೇಲೂರಿನ ಸೇತುವೆಯನ್ನು ಲೆಕ್ಕಕ್ಕೆ ಹಿಡಿದಿದ್ದರು ನೋಡಿ.

ಇದನ್ನು ಬರೀ ಅನ್ಯಾಯ ಅಂತ ಓದುವುದು ಸುಲಭ. ಅನ್ಯಾಯ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಕೆಳಗಿನವರ ಕಡೆಯಿಂದಲೂ ಒಮ್ಮೆ ನೋಡಬೇಕು. ಚೋಳರ ಕಾಲದ ಕಲ್ಲಣೈ ಕಟ್ಟೆಯ ನೀರಿನಲ್ಲಿ ತಲೆತಲಾಂತರದಿಂದ ಭತ್ತ ಬೆಳೆದವರು ಅವರು. ಮೇಲಿನವರು ಒಂದು ದಿನ ತೂಬು ಮುಚ್ಚಿದರೆ ಏನು ಗತಿ ಎಂಬ ಹೆದರಿಕೆ ಹುಸಿಯಲ್ಲ. ಒಂದೇ ತೋಡಿನ ಕೊನೆಯಲ್ಲಿ ಗದ್ದೆ ಇರುವ ಯಾರಿಗಾದರೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾದಾಗ ಜಗಳ ಜೋರಾಯಿತು. ಮದ್ರಾಸ್ ಒಪ್ಪಿದ್ದು 11 ಟಿಎಂಸಿಯ ಕಟ್ಟೆಗೆ. ಮೈಸೂರು ಪಾಯ ಹಾಕಿದ್ದು ಅದರ ನಾಲ್ಕರಷ್ಟಕ್ಕೆ ಸಾಕಾಗುವಷ್ಟು ಅಗಲವಾಗಿ. ಎಂಜಿನಿಯರ್ ವಿಶ್ವೇಶ್ವರಯ್ಯ. ನ್ಯಾಯಮೂರ್ತಿ ಗ್ರಿಫಿನ್ ಎಂಬುವರು ಪಂಚಾಯಿತಿ ಮಾಡಿ 1914ರಲ್ಲಿ ಮೈಸೂರಿಗೆ ಅನುಕೂಲವಾದ ತೀರ್ಪು ಕೊಟ್ಟರು. ಮದ್ರಾಸ್ ಒಪ್ಪದೆ ಲಂಡನ್ನಿನವರೆಗೆ ಹೋಯಿತು. ಹತ್ತು ವರ್ಷ ಎಳೆದಾಡಿ ಕೊನೆಗೆ 1924ರಲ್ಲಿ ಹೊಸ ಒಪ್ಪಂದ ಆಯಿತು. ದಿನಾಂಕ ಮತ್ತೆ ಫೆಬ್ರುವರಿ 18.

1924ರ ಈ ಒಪ್ಪಂದವನ್ನು ನಮ್ಮಲ್ಲಿ ಬೈಯದವರಿಲ್ಲ. ಅದರಲ್ಲಿ ಏನಿತ್ತು ಅಂತ ಕೇಳಿದರೆ ಮಾತ್ರ ಬಹಳ ಮಂದಿ ಬಾಯಿ ಮುಚ್ಚುತ್ತಾರೆ. ಮೈಸೂರು 44.8 ಟಿಎಂಸಿಯ ಕನ್ನಂಬಾಡಿ ಕಟ್ಟಿಕೊಳ್ಳಬಹುದು. ಮದ್ರಾಸ್ 93.5 ಟಿಎಂಸಿಯ ಮೆಟ್ಟೂರು ಕಟ್ಟಿಕೊಳ್ಳಬಹುದು. ಹೊಸ ನೀರಾವರಿ ಮೈಸೂರಿಗೆ 1,10,000 ಎಕರೆ, ಮದ್ರಾಸಿಗೆ 3,01,000 ಎಕರೆ. ಕೆಲವು ಕಟ್ಟುಪಾಡುಗಳನ್ನು 50 ವರ್ಷದ ಮೇಲೆ, ಅಂದರೆ 1974ರಲ್ಲಿ, ಮತ್ತೆ ಕೂತು ನೋಡತಕ್ಕದ್ದು. ಜೊತೆಗೆ ಇನ್ನೊಂದು ಮಾತಿತ್ತು. ಮೆಟ್ಟೂರಿಗೆ ಬದಲಾಗಿ ಮೈಸೂರು ಉಪನದಿಗಳ ಮೇಲೆ ಒಟ್ಟು 45 ಟಿಎಂಸಿ ಹಿಡಿಯುವ ಹೊಸ ಕಟ್ಟೆಗಳನ್ನು ಕಟ್ಟಿಕೊಳ್ಳಬಹುದು.

ಅಂದರೆ ಹೇಮಾವತಿಗೆ ಡ್ಯಾಂ ಕಟ್ಟುವ ದಾರಿ ತೆರೆದದ್ದು ನಾವು ಬೈಯುವ ಆ ಕಾಗದವೇ. ಒಪ್ಪಂದ ಅಂದರೆ ಹೀಗೇ. ನಮ್ಮ ಕೈಯನ್ನೂ ಕಟ್ಟುತ್ತದೆ, ನಾಳೆ ಹಿಡಿಯಲು ಒಂದು ಕೋಲನ್ನೂ ಕೊಡುತ್ತದೆ.

37.1 ಟಿಎಂಸಿ

1960ರ ದಶಕದ ಕೊನೆಗೆ ಗೊರೂರಿನಲ್ಲಿ ಕೆಲಸ ಹಿಡಿದಾಗ ತಮಿಳುನಾಡು ತಕರಾರು ತೆಗೆಯಿತು. ಯೋಜನಾ ಆಯೋಗದ ಒಪ್ಪಿಗೆ ಸಿಗಲಿಲ್ಲ, ದಿಲ್ಲಿಯ ದುಡ್ಡೂ ಬರಲಿಲ್ಲ. ರಾಜ್ಯ ತನ್ನ ಗಂಟಿನಿಂದಲೇ ಖರ್ಚು ಮಾಡಿತು. ತಮಿಳುನಾಡು ಸುಪ್ರೀಂ ಕೋರ್ಟಿಗೆ 1971ರಲ್ಲಿ ದಾವೆ ಹಾಕಿತು, ಇಂದಿರಾ ಗಾಂಧಿ ಮಾತುಕತೆಗೆ ಒಪ್ಪಿಸಿದ ಮೇಲೆ 1972ರಲ್ಲಿ ಹಿಂದಕ್ಕೆ ಪಡೆಯಿತು. ಮಾತುಕತೆ ನಡೆಯುತ್ತಲೇ ಇತ್ತು, ಇತ್ತ ಮಣ್ಣೂ ಬೀಳುತ್ತಲೇ ಇತ್ತು. 1979ಕ್ಕೆ ಕಟ್ಟೆ ಮುಗಿಯಿತು. 37.1 ಟಿಎಂಸಿ ಸಾಮರ್ಥ್ಯ, ತುಂಬಿದ ಮಟ್ಟ 2922 ಅಡಿ. ಈ 2922 ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ.

ಲೆಕ್ಕ ಸರಿಯಾಗಿ ಹೇಳಬೇಕು. ಹೇಮಾವತಿ 37, ಕಬಿನಿ 19ರ ಮೇಲೆ, ಹಾರಂಗಿ 8ರ ಮೇಲೆ, ಕೂಡಿದರೆ ಸುಮಾರು 65 ಟಿಎಂಸಿ. 1924ರ ಕಾಗದದಲ್ಲಿ ಇದ್ದದ್ದು 45. ತಮಿಳುನಾಡಿನ ತಕರಾರಿಗೆ ಬುಡ ಇತ್ತು. ಕರ್ನಾಟಕದ ಉತ್ತರಕ್ಕೂ ಬುಡ ಇತ್ತು: ಬಲಾಢ್ಯರ ಕಾಲದಲ್ಲಿ ಬರೆಸಿಕೊಂಡ ಕಾಗದ, 1974ಕ್ಕೆ ಅದರ ಅವಧಿಯೂ ಮುಗಿಯಿತು ಎಂದು. ಅವಧಿ ಮುಗಿದದ್ದು ನಿಜ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಅಷ್ಟರಲ್ಲಿ 44 ವರ್ಷ ಕಳೆದಿತ್ತು, 1991ರ ಡಿಸೆಂಬರಿನಲ್ಲಿ ಮನೆ ಅಂಗಡಿಗಳಿಗೆ ಬೆಂಕಿ ಬಿದ್ದು ಜೀವಗಳೂ ಹೋಗಿದ್ದವು.

1892ರಲ್ಲಾಗಲಿ 1924ರಲ್ಲಾಗಲಿ ಒಂದು ಗುಂಪಿನ ಹೆಸರೇ ಇಲ್ಲ. ಹಿನ್ನೀರಿನಲ್ಲಿ ಮನೆ, ಹೊಲ, ಗುಡಿ ಕಳೆದುಕೊಂಡವರು. ಶೆಟ್ಟಿಹಳ್ಳಿಯ ಚರ್ಚನ್ನು ನೀವೆಲ್ಲ ನೋಡಿದ್ದೀರಿ, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಮದುವೆ ಫೋಟೊ ತೆಗೆಸಲು ಬೆಂಗಳೂರಿನಿಂದ ಬರುತ್ತಾರೆ. ಸುತ್ತಲಿದ್ದ ಊರುಗಳ ಗುರುತಾಗಿ ಉಳಿದದ್ದು ಆ ಗೋಡೆಗಳಷ್ಟೇ.

ಹೊಳೆನರಸೀಪುರದಿಂದ ಫರಕ್ಕಾಕ್ಕೆ

ಈಗ 1995ರ ಕೊನೆಗೆ ಬನ್ನಿ. ಮಳೆ ಕಡಿಮೆಯಾಗಿತ್ತು. ತಮಿಳುನಾಡು 30 ಟಿಎಂಸಿ ಬೇಕು ಎಂದಿತು, ನ್ಯಾಯಮಂಡಳಿ 11 ಬಿಡಿ ಎಂದಿತು, ಕರ್ನಾಟಕ ಆಗುವುದಿಲ್ಲ ಎಂದಿತು. ಸುಪ್ರೀಂ ಕೋರ್ಟ್ ಪ್ರಧಾನಿಯ ಕಡೆ ಕೈ ತೋರಿಸಿತು. ಪ್ರಧಾನಿ ನರಸಿಂಹ ರಾವ್ 6 ಬಿಡಿ ಎಂದರು. ಆಗ ಕರ್ನಾಟಕದ ಮುಖ್ಯಮಂತ್ರಿ ಎಚ್.ಡಿ. ದೇವೇಗೌಡರು.

ಅವರ ವಿಚಾರ ನಮ್ಮ ಓದುಗರಿಗೆ ಹೇಳುವುದು ಅಂದರೆ ಹೊಳೆಗೆ ನೀರು ಹೊತ್ತ ಹಾಗೆ. ಹರದನಹಳ್ಳಿಯವರು, ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಓದಿದವರು (ನಮ್ಮದೂ ಡಿಪ್ಲೊಮಾನೇ, ಆದರೆ ಅದರಿಂದ ಇನ್ನೂ ಏನೂ ಕಟ್ಟಲಾಗಿಲ್ಲ), 1962ರಿಂದ ಹೊಳೆನರಸೀಪುರದ ಶಾಸಕರು, 1980ರ ದಶಕದಲ್ಲಿ ಹೆಗಡೆಯವರ ಸರ್ಕಾರದಲ್ಲಿ ನೀರಾವರಿ ಮಂತ್ರಿ. ಅವರ ರಾಜಕೀಯ ಹಿಡಿಸಲಿ ಬಿಡಲಿ, ಕಾವೇರಿ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ಹಿಡಿಯುತ್ತಾರೆ ಎಂದು ವಿರೋಧಿಗಳೂ ಒಪ್ಪುತ್ತಾರೆ.

1996ರ ಜೂನ್ 1ರಂದು ಅವರೇ ಪ್ರಧಾನಿಯಾದರು. ಮೇಜಿನ ಮೇಲೆ ಬಂದು ಬಿದ್ದ ಕಡತಗಳಲ್ಲಿ ಇನ್ನೊಂದು ಹೊಳೆಯದೂ ಇತ್ತು. ಈ ಸಲ ಗಂಗೆ.

ಕಲ್ಕತ್ತಾ ಬಂದರಿನ ಹೂಳು ತೊಳೆಯಲು ಹೂಗ್ಲಿಗೆ ನೀರು ತಿರುಗಿಸಬೇಕೆಂದು ಭಾರತ ಬಾಂಗ್ಲಾ ಗಡಿಯ ಹತ್ತಿರ ಫರಕ್ಕಾದಲ್ಲಿ ಬ್ಯಾರೇಜ್ ಕಟ್ಟಿತ್ತು. 1975ರಲ್ಲಿ ಅದು ಶುರುವಾಯಿತು. ಬೇಸಿಗೆಯಲ್ಲಿ ಕೆಳಗಿನ ಬಾಂಗ್ಲಾದೇಶದ ಹೊಳೆ ಒಣಗತೊಡಗಿತು, ಸಮುದ್ರದ ಉಪ್ಪು ಒಳನಾಡಿಗೆ ಏರಿತು. 1977ರಲ್ಲಿ ಐದು ವರ್ಷದ ಒಪ್ಪಂದವಾಯಿತು. ಆಮೇಲೆ ಒಂದೆರಡು ವರ್ಷ, ಮೂರು ವರ್ಷ ಎಂದು ತೇಪೆ ಹಾಕಿದರು. 1988ರ ನಂತರ ಅದೂ ಇಲ್ಲ. ಎಂಟು ವರ್ಷ ಯಾವ ಕಾಗದವೂ ಇಲ್ಲದೆ ಗೇಟು ನಮ್ಮ ಕೈಲಿತ್ತು.

ಇಲ್ಲಿ ಒಂದು ತಿರುವು ಗಮನಿಸಿ. ಕಾವೇರಿಯಲ್ಲಿ ಕರ್ನಾಟಕ ಮೇಲಿನ ರಾಜ್ಯ, ಫರಕ್ಕಾದಲ್ಲಿ ಭಾರತ ಮೇಲಿನ ದೇಶ. ಎರಡೂ ಕಡೆ ದೇವೇಗೌಡರು ಗೇಟಿನ ಪಕ್ಕ ನಿಂತವರೇ. ಕೆಲವು ತಿಂಗಳ ಹಿಂದೆ 6 ಟಿಎಂಸಿಯ ಸಲುವಾಗಿ ಜಗ್ಗಾಡಿದ ಮನುಷ್ಯ 1996ರ ಡಿಸೆಂಬರ್ 12ರಂದು ದಿಲ್ಲಿಯಲ್ಲಿ ಬಾಂಗ್ಲಾದ ಪ್ರಧಾನಿ ಶೇಖ್ ಹಸೀನಾ ಜೊತೆ ಕೂತು 30 ವರ್ಷದ ಗಂಗಾ ಒಪ್ಪಂದಕ್ಕೆ ಸಹಿ ಹಾಕಿದರು. ಬಾಂಗ್ಲಾದಲ್ಲಿ ಹಸೀನಾ ಆಗಷ್ಟೇ ಅಧಿಕಾರಕ್ಕೆ ಬಂದಿದ್ದರು. ಇತ್ತ ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್, ಸಣ್ಣ ನೆರೆಯವರ ಜೊತೆ ತಕ್ಕಡಿ ಹಿಡಿದು ಕೂರಬಾರದು ಎಂಬ ನಿಲುವಿನವರು. ಆದರೆ ಇಬ್ಬರು ಪ್ರಧಾನಿಗಳು ಒಪ್ಪಿದರೆ ಸಾಲದು, ಪಶ್ಚಿಮ ಬಂಗಾಳ ಒಪ್ಪಬೇಕಿತ್ತು. ಅಲ್ಲಿನ ಮುಖ್ಯಮಂತ್ರಿ ಜ್ಯೋತಿ ಬಸು ಸಹಿಗೆ ಮೊದಲು ತಾವೇ ಢಾಕಾಕ್ಕೆ ಹೋಗಿ ಮಾತಾಡಿ ಬಂದರು. ನೀರು ಬಿಡಬೇಕಾದ ರಾಜ್ಯದವನನ್ನೇ ಮುಂದೆ ಬಿಟ್ಟದ್ದು ಈ ಒಪ್ಪಂದದ ಗುಟ್ಟು ಎಂದು ನಮಗನ್ನಿಸುತ್ತದೆ. ಕಾವೇರಿಯಲ್ಲಿ ಅಂಥ ಒಬ್ಬರು ಸಿಕ್ಕಿಲ್ಲ, ಎರಡೂ ದಂಡೆಯಲ್ಲಿ.

ಹಂಚಿಕೆ ಸೂತ್ರ ಹಳ್ಳಿಯ ಪಂಚಾಯಿತಿ ತೀರ್ಮಾನದಷ್ಟು ಸರಳ. ಜನವರಿ 1ರಿಂದ ಮೇ 31ರವರೆಗೆ, ಹತ್ತು ಹತ್ತು ದಿನದ ಲೆಕ್ಕ. ಫರಕ್ಕಾಕ್ಕೆ 70,000 ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಅರ್ಧ ಅರ್ಧ. 70,000ದಿಂದ 75,000 ಬಂದರೆ ಬಾಂಗ್ಲಾಕ್ಕೆ 35,000, ಮಿಕ್ಕದ್ದು ಭಾರತಕ್ಕೆ. ಅದಕ್ಕೂ ಹೆಚ್ಚು ಬಂದರೆ ಭಾರತಕ್ಕೆ 40,000, ಮಿಕ್ಕದ್ದು ಬಾಂಗ್ಲಾಕ್ಕೆ. ಮಾರ್ಚ್ 11ರಿಂದ ಮೇ 10ರವರೆಗಿನ ಬಿರುಬೇಸಿಗೆಯಲ್ಲಿ ಒಂದು ಹತ್ತು ದಿನ ಒಬ್ಬರಿಗೆ, ಮುಂದಿನ ಹತ್ತು ದಿನ ಇನ್ನೊಬ್ಬರಿಗೆ ಎಂದು ಸರದಿಯ ಮೇಲೆ 35,000 ಖಾತ್ರಿ. ನಮ್ಮ ನಾಲೆಯ ಕಟ್ಟು ನೀರು ಪದ್ಧತಿ ಗೊತ್ತಿದ್ದವರಿಗೆ ಇದು ಹೊಸದಲ್ಲ. (35,000 ಕ್ಯುಸೆಕ್ ಎಷ್ಟು ಎಂದು ಅಂದಾಜು ಬೇಕಾದರೆ, ಆ ವೇಗದಲ್ಲಿ ಬಿಟ್ಟರೆ ತುಂಬಿದ ಗೊರೂರು ಡ್ಯಾಂ ಹನ್ನೆರಡು ದಿನಕ್ಕೆ ಖಾಲಿ.)

ಒಪ್ಪಂದದಲ್ಲಿ ನಮಗೆ ಹಿಡಿಸಿದ್ದು ಬೇರೆ. ಎರಡೂ ದೇಶದ ತಂಡಗಳು ಜೊತೆಯಲ್ಲಿ ನಿಂತು ಅಳೆಯುತ್ತವೆ, ಫರಕ್ಕಾದಲ್ಲೂ, ಬಾಂಗ್ಲಾದೊಳಗಿನ ಹಾರ್ಡಿಂಜ್ ಸೇತುವೆಯಲ್ಲೂ. ನೀನು ಸುಳ್ಳು ಹೇಳುತ್ತೀಯ, ನಿನ್ನ ಗೇಜು ಸುಳ್ಳು ಹೇಳುತ್ತದೆ ಎನ್ನುವ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹಾಗಂತ ಎಲ್ಲ ಸುಸೂತ್ರ ಅಲ್ಲ. ಮೊದಲ ಬೇಸಿಗೆ, 1997ರಲ್ಲೇ, ಹರಿವು ಕುಸಿದು ಬಾಂಗ್ಲಾ ದೂರಿತು. ನೀರು 50,000ಕ್ಕಿಂತ ಕೆಳಗಿಳಿದರೆ ಇಬ್ಬರೂ ಕೂಡಲೇ ಕೂತು ಮಾತಾಡಬೇಕು ಎಂದಷ್ಟೇ ಬರೆದಿದೆ, ಯಾರಿಗೆ ಎಷ್ಟು ಎಂದಿಲ್ಲ. ಮೇಲಿನ ಬಿಹಾರದವರು ಫರಕ್ಕಾದಿಂದ ತಮ್ಮಲ್ಲಿ ಹೂಳು ತುಂಬಿ ನೆರೆ ಬರುತ್ತಿದೆ ಎಂದು ಗೊಣಗುತ್ತಲೇ ಇದ್ದಾರೆ. ಕಾವೇರಿಯದೂ ಇದೇ ರೋಗ. 2007ರ ಐತೀರ್ಪು ಒಳ್ಳೆಯ ಮಳೆ ವರ್ಷಕ್ಕೆ ಲೆಕ್ಕ ಕೊಟ್ಟಿತು: 740 ಟಿಎಂಸಿಯಲ್ಲಿ ತಮಿಳುನಾಡಿಗೆ 419, ನಮಗೆ 270. 2018ರಲ್ಲಿ ಸುಪ್ರೀಂ ಕೋರ್ಟ್ ನಮಗೆ ಇನ್ನೂ 14.75 ಸೇರಿಸಿತು. ಬರಗಾಲದಲ್ಲಿ ಯಾರಿಗೆ ಎಷ್ಟು ಕಡಿತ ಎಂಬ ಗಟ್ಟಿ ಸೂತ್ರ ಮಾತ್ರ ಇಲ್ಲ. 2012, 2016, 2023, ಮೂರೂ ಸಲ ಬಂದ್ ಆದದ್ದು ಮಳೆ ಕೈಕೊಟ್ಟ ವರ್ಷಗಳಲ್ಲೇ.

ಕಟ್ಟೆ ಯಾರದು?

ಆಫ್ರಿಕಾದ ಪಶ್ಚಿಮದಲ್ಲಿ ಸೆನೆಗಲ್ ಎಂಬ ಹೊಳೆ ಇದೆ. ಗಿನಿ ದೇಶದ ಬೆಟ್ಟದಲ್ಲಿ ಹುಟ್ಟಿ, ಮಾಲಿ ದಾಟಿ, ಮಾರಿಟೇನಿಯ ಮತ್ತು ಸೆನೆಗಲ್ ದೇಶಗಳ ನಡುವೆ ಗಡಿಯಾಗಿ ಹರಿದು ಸಮುದ್ರ ಸೇರುತ್ತದೆ. ಬಡ ದೇಶಗಳು, ಫ್ರೆಂಚರಿಂದ ಬಿಡುಗಡೆಯಾಗಿ ಹೆಚ್ಚು ಕಾಲವಾಗಿರಲಿಲ್ಲ, ಮೇಲೆ ಭೀಕರ ಬರ. 1972ರಲ್ಲಿ ಮಾಲಿ, ಮಾರಿಟೇನಿಯ, ಸೆನೆಗಲ್ ಮೂವರೂ ಸೇರಿ ಹೊಳೆಗೆಂದೇ ಒಂದು ಸಂಸ್ಥೆ ಕಟ್ಟಿಕೊಂಡರು. ಹೊಳೆ ಹುಟ್ಟುವ ಗಿನಿ ಅದಕ್ಕೆ ಸೇರಿದ್ದು 2006ರಲ್ಲಿ.

ನಾವು ಕೇಳಿದ ಒಪ್ಪಂದಗಳೆಲ್ಲ ನೀರು ಹಂಚಿದ್ದವು. ಇವರು ಕಟ್ಟೆಯನ್ನೇ ಜಂಟಿ ಆಸ್ತಿ ಮಾಡಿಕೊಂಡರು. ಸಮುದ್ರದ ಉಪ್ಪುನೀರು ಮೇಲೇರದಂತೆ ತಡೆಯುವ ಡಿಯಾಮಾ ಕಟ್ಟೆ 1986ಕ್ಕೆ, ಮಾಲಿಯೊಳಗಿನ ಮನಂತಾಲಿ ಡ್ಯಾಂ 1988ಕ್ಕೆ ಮುಗಿದವು. ಮನಂತಾಲಿ ದೊಡ್ಡದು, ಹತ್ತು ಗೊರೂರು ಹಿಡಿಸುತ್ತದೆ. ಅದು ಮಾಲಿಯ ನೆಲದಲ್ಲಿದ್ದರೂ ಮಾಲಿಯೊಂದರದೇ ಅಲ್ಲ, ಎಲ್ಲರದು. ಸಾಲವೂ ಎಲ್ಲರದು. ವಿದ್ಯುತ್ತಿನಲ್ಲಿ ಮಾಲಿಗೆ ನೂರಕ್ಕೆ 52, ಸೆನೆಗಲ್‌ಗೆ 33, ಮಾರಿಟೇನಿಯಕ್ಕೆ 15. ಮೆಟ್ಟೂರು ಮತ್ತು ಕನ್ನಂಬಾಡಿಗೆ ಎರಡೂ ರಾಜ್ಯ ಜಂಟಿ ಖಾತೆದಾರರಾಗಿದ್ದಿದ್ದರೆ ಎಂದು ಒಂದು ನಿಮಿಷ ಯೋಚಿಸಿ ನೋಡಿ. ನಮ್ಮ ಕಡೆ ಹಾಗೆ ಹೇಳಿದವನ ಗತಿ ಏನಾದೀತು ಎಂದೂ ಯೋಚಿಸಿ.

1989ರಲ್ಲಿ ಮಾರಿಟೇನಿಯಕ್ಕೂ ಸೆನೆಗಲ್‌ಗೂ ಗಡಿಯಲ್ಲಿ ಹೊಡೆದಾಟವಾಗಿ ನೂರಾರು ಜನ ಸತ್ತರು. ಗಡಿ ಮುಚ್ಚಿತು, ರಾಯಭಾರಿಗಳು ವಾಪಸಾದರು. ಹೊಳೆಯ ಸಂಸ್ಥೆ ಮಾತ್ರ ಮುಚ್ಚಲಿಲ್ಲ. ಎರಡೂ ದೇಶ ಅದರಿಂದ ಎದ್ದು ಹೋಗಲಿಲ್ಲ.

ಇದನ್ನೂ ಸ್ವರ್ಗ ಅಂದುಕೊಳ್ಳಬೇಡಿ. ಮನಂತಾಲಿಯ ಹಿನ್ನೀರಿಗೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಊರು ಬಿಟ್ಟರು. ಕೆಳಗೆ ಹೊಳೆ ಉಕ್ಕಿ ಇಳಿದ ಮೇಲೆ ಆ ಹಸಿಯಲ್ಲಿ ಜೋಳ ಬಿತ್ತುತ್ತಿದ್ದವರ ಬೇಸಾಯ ಕೆಟ್ಟಿತು. ಡಿಯಾಮಾದ ನಿಂತ ಸಿಹಿನೀರಿನಲ್ಲಿ ಬಸವನಹುಳ ಹೆಚ್ಚಿ, ಅದರಿಂದ ಹರಡುವ ಕಾಯಿಲೆ ದಂಡೆಯ ಊರುಗಳನ್ನು ಹಿಡಿಯಿತು. ಶೆಟ್ಟಿಹಳ್ಳಿಯ ಗೋಡೆಗಳನ್ನು ನೋಡಿದವರಿಗೆ ಇದರ ಅರ್ಧವಾದರೂ ತಿಳಿಯುತ್ತದೆ.

ಮನೆಯ ವಿಚಾರವನ್ನೂ ಆಡಿಬಿಡೋಣ. ತಮಿಳುನಾಡಿಗೆ ನಾವು ಮೇಲಿನವರು. ತುಮಕೂರಿಗೂ ಮೇಲಿನವರೇ. ಹೇಮಾವತಿ ಎಡದಂಡೆಯ ನೀರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ನವಿಲೆ ಸುರಂಗದಲ್ಲಿ ನುಗ್ಗಿ ತುಮಕೂರು ಸೀಮೆಗೆ ಹೋಗುತ್ತದೆ. ನಮ್ಮ ಕೆರೆ ಒಣಗಿದೆ, ನೀರು ಮಾತ್ರ ನಮ್ಮ ತಲೆಯಡಿಯಿಂದ ಹೋಗುತ್ತಿದೆ ಎಂದು ಆ ಕಡೆಯ ಹಳ್ಳಿಗಳಲ್ಲಿ ಎಷ್ಟು ಸಲ ಕೇಳಿಸಿಕೊಂಡಿದ್ದೇವೋ. ಆಚೆ ತುಮಕೂರಿನವರು ಹಾಸನದವರು ನಮ್ಮ ಪಾಲು ಬಿಡುವುದಿಲ್ಲ ಎನ್ನುತ್ತಾರೆ. ಅದೇ ತುಮಕೂರಿನವರು ಈಚೆಗೆ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯಲ್ಲಿ ಮಾಗಡಿ ಕಡೆಗೆ ನೀರು ಒಯ್ಯಬಾರದು ಎಂದು ಬೀದಿಗಿಳಿದರು. ಎಲ್ಲರೂ ಒಂದೇ ರಾಜ್ಯದವರು, ಎಲ್ಲರ ಬಾಯಲ್ಲೂ ಕನ್ನಡವೇ.

ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ವಿತರಣಾ ನಾಲೆಯ ಕೊನೆಯಲ್ಲಿ ತೆಂಗಿನ ತೋಟ ಇಟ್ಟುಕೊಂಡಿರುವ ಹಿರಿಯರೊಬ್ಬರಿಗೆ ನಾವು ಫರಕ್ಕಾದ ಕತೆ ಹೇಳಿದೆವು. ಎರಡೂ ಕಡೆಯವರು ಜೊತೆಗೆ ನಿಂತು ಅಳೆಯುತ್ತಾರೆ ಎಂದಾಗ ತಲೆಯೆತ್ತಿದರು. "ನಮ್ಮ ತೂಬಿನ ತಾವ ರಾತ್ರಿ ಹೊತ್ತು ಮೇಲಿನೋರು ಒಬ್ರೇ ನಿಂತಿರ್ತಾರೆ ಕಣಪ್ಪ, ಕೈಲಿ ಸನಿಕೆ ಇಟ್ಕೊಂಡು" ಎಂದರು. ಹಿಂದೆ ನೀರುಗಂಟಿ ಇದ್ದಾಗ ಸರದಿ ತಪ್ಪುತ್ತಿರಲಿಲ್ಲ ಎಂದೂ ಸೇರಿಸಿದರು.

ಗಂಗಾ ಒಪ್ಪಂದದ 30 ವರ್ಷ 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಅದಕ್ಕೆ ಸಹಿ ಹಾಕಿದ ಇಬ್ಬರಲ್ಲಿ ಹಸೀನಾ 2024ರ ಆಗಸ್ಟಿನಲ್ಲಿ ಅಧಿಕಾರ ಕಳೆದುಕೊಂಡು ತಮ್ಮ ದೇಶ ಬಿಟ್ಟು ದಿಲ್ಲಿಗೆ ಬಂದರು. ಕಾವೇರಿಯ ಹಂಚಿಕೆಯನ್ನು 15 ವರ್ಷ ಮುಟ್ಟುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ, ಅಂದರೆ 2033ರವರೆಗೆ. ತೆಂಗಿನ ತೋಟದ ಹಿರಿಯರ ನಾಲೆಗೆ ಮುಂದಿನ ಸರದಿ ಯಾವತ್ತು ಎಂದು ಕೇಳಲು ನಾವು ನಾಳೆ ನೀರಾವರಿ ಕಚೇರಿಗೆ ಹೋಗುತ್ತಿದ್ದೇವೆ.